ಎಲೆಕ್ಟ್ರಾನ್‌ನ ಕಡತ ಎಪಿಐಗಳಿಗೆ ಒಂದು ಚಿಕ್ಕ ಜೆಕ್ವೆರಿ ಪ್ಲಗಿನ್ ಬರೆಯುವ ಬಗೆ

ವೆಬ್ ಪುಟ ಬರೆಯಬಲ್ಲವರು ಡೆಸ್ಕ್‌ಟಾಪ್ ತಂತ್ರಾಂಶವನ್ನೂ ಬರೆಯಬಹುದು ಎಂಬ ಭರವಸೆಯನ್ನು 2008ರಲ್ಲಿ ಅಡೋಬಿ ಏರ್ ಕೊಟ್ಟಿತ್ತು. 2013ರಲ್ಲಿ ಆಟಂ ಶೆಲ್ ಎಂಬ ಹೆಸರಿನಲ್ಲಿ ಹುಟ್ಟಿ, 2015ರಲ್ಲಿ ಹೆಸರು ಬದಲಿಸಿಕೊಂಡ ಎಲೆಕ್ಟ್ರಾನ್ ಎಂಬ ಚೌಕಟ್ಟು ಆ ಭರವಸೆಯನ್ನು ಬಹುಮಟ್ಟಿಗೆ ಈಡೇರಿಸಿದೆ. ಆದರೂ ಪುಟದ ಮೇಲಿನ ಒಂದು ಬಟನ್ ಒತ್ತಿ ಕಡತವೊಂದನ್ನು ತೆರೆಯಬೇಕಾದರೆ ಇಂದಿಗೂ ಮೂರು ಕಡೆ ಕೋಡ್ ಬರೆಯಬೇಕಾಗುತ್ತದೆ: ಕಡತಗಳನ್ನು ಮುಟ್ಟಬಲ್ಲ ಮೇನ್ ಪ್ರೊಸೆಸ್‌ನಲ್ಲಿ, ಪುಟ ಓಡುವ ರೆಂಡರರ್‌ನಲ್ಲಿ ಮತ್ತು ಇವೆರಡರ ನಡುವಿನ ಪ್ರಿಲೋಡ್ ಸ್ಕ್ರಿಪ್ಟ್‌ನಲ್ಲಿ. ಇಂಥ ಬಟನ್‌ಗಳು ಹತ್ತಾದಾಗ ಒಂದೇ ಕೆಲಸವನ್ನು ಹತ್ತು ಬಗೆಯಲ್ಲಿ ಬರೆದಿರುತ್ತೇವೆ, ತಪ್ಪುಗಳೂ ಹತ್ತು ಬಗೆಯವಾಗಿರುತ್ತವೆ. ಕನ್ನಡದಲ್ಲಿ ಟಿಪ್ಪಣಿ ಬರೆದಿಡುವ ಪುಟ್ಟ ಎಡಿಟರ್ ಒಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇದನ್ನೆಲ್ಲ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಗೆ ಸೇರಿಸುವ ಒಂದು ಪ್ಲಗಿನ್ನಿನ ಹಿಂದೆ ಹೇಗೆ ಕೂಡಿಸಬಹುದೆಂದು ಇಲ್ಲಿ ವಿವರಿಸುತ್ತೇನೆ.

ಮೊದಲು, ಪುಟದ ಕೋಡ್‌ನಲ್ಲಿ ಕೊನೆಗೆ ಯಾವ ಸಾಲು ಕಾಣಬೇಕೆಂಬುದನ್ನು ಬರೆದಿಟ್ಟುಕೊಳ್ಳಿ. ಬರಹದ ಪೆಟ್ಟಿಗೆಯನ್ನು ಜೆಕ್ವೆರಿಯ $ ಮೂಲಕ ಆಯ್ದು, ಅದರ ಮೇಲೆ ‘ಕಡತತೆರೆ’ ಎಂದು ಕರೆದರೆ ಡೈಲಾಗ್ ತೆರೆದುಕೊಳ್ಳಬೇಕು. ಆಯ್ದ ಕಡತದ ಪಠ್ಯ ಪೆಟ್ಟಿಗೆಯೊಳಗೆ ಬಂದು ಕೂರಬೇಕು. ಉಳಿಸುವುದಕ್ಕೆ ‘ಕಡತಉಳಿಸು’. ಜಾವಾಸ್ಕ್ರಿಪ್ಟ್‌ನಲ್ಲಿ ಫಂಕ್ಷನ್ನಿನ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಇಡಲು ಯಾವ ಅಡ್ಡಿಯೂ ಇಲ್ಲವಾದ್ದರಿಂದ ನಾನು ಹಾಗೆಯೇ ಇಡುತ್ತೇನೆ. ಬಳಸುವವರು ಮಾಡುವ ಕೆಲಸದ ಹೆಸರೇ ಮೆಥಡ್‌ಗೂ ಇರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಒಳಗಿರುವ ಎಪಿಐಯ ಹೆಸರನ್ನೇ ಮೊಟಕುಗೊಳಿಸಿ ಇಟ್ಟರೆ ಅದರ ತೊಡಕೂ ಜೊತೆಗೇ ಹೊರಗೆ ಬರುತ್ತದೆ.

ಈಗ ಮೇನ್ ಪ್ರೊಸೆಸ್‌ಗೆ ಬನ್ನಿ. ಪುಟದಿಂದ ಬರುವ ಕೋರಿಕೆಗಳಿಗೆ ಕಿವಿಗೊಡುವ ಐಪಿಸಿಮೇನ್‌ನ ಹ್ಯಾಂಡಲ್ ಮೆಥಡ್ ಬಳಸಿ ‘ಕಡತ:ತೆರೆ’ ಎಂಬ ಚಾನೆಲ್ ನೋಂದಾಯಿಸಿ, ಅದರೊಳಗೆ ಶೋ ಓಪನ್ ಡೈಲಾಗ್ ಕರೆಯಿರಿ. ಈ ಡೈಲಾಗ್ ಕೊಡುವ ಉತ್ತರದಲ್ಲಿ ‘ಕ್ಯಾನ್ಸಲ್ಡ್’ ಎಂಬ ಗುಣವಿರುತ್ತದೆ. ನನ್ನ ಮೊದಲ ಆವೃತ್ತಿಯಲ್ಲಿ ಅದನ್ನು ನೋಡದೆ ಮುಂದುವರಿದಿದ್ದರಿಂದ, ಮನಸ್ಸು ಬದಲಿಸಿ ರದ್ದು ಬಟನ್ ಒತ್ತಿದವರಿಗೆಲ್ಲ ದೋಷದ ಕೆಂಪು ಸಂದೇಶ ಕಾಣಿಸುತ್ತಿತ್ತು. ರದ್ದು ಮಾಡುವುದು ದೋಷವಲ್ಲ. ಆದ್ದರಿಂದ ಹ್ಯಾಂಡಲರ್ ಯಾವಾಗಲೂ ‘ಸ್ಥಿತಿ’ ಎಂಬ ಗುಣವುಳ್ಳ ಒಂದು ಆಬ್ಜೆಕ್ಟನ್ನು ಹಿಂದಿರುಗಿಸಲಿ, ಅದರ ಬೆಲೆ ‘ಸರಿ’, ‘ರದ್ದು’ ಅಥವಾ ‘ದೋಷ’ ಆಗಿರಲಿ. ಇದಕ್ಕೆ ಇನ್ನೊಂದು ಕಾರಣವೂ ಉಂಟು: ಹ್ಯಾಂಡಲರ್‌ನಲ್ಲಿ ಎರರ್ ಎಸೆದರೆ ಪುಟಕ್ಕೆ ತಲುಪುವುದು ಅದರ ಮೆಸೇಜ್ ಮಾತ್ರ, ಅನುಮತಿ ಇಲ್ಲವೋ ಕಡತವೇ ಇಲ್ಲವೋ ಎಂದು ತಿಳಿಸುವ ‘ಕೋಡ್’ ಗುಣ ದಾರಿಯಲ್ಲೇ ಕಳೆದುಹೋಗುತ್ತದೆ. ಎರರನ್ನು ಅಲ್ಲಿಯೇ ಹಿಡಿದು, ಕೋಡನ್ನು ಆಬ್ಜೆಕ್ಟ್‌ನಲ್ಲಿ ಸೇರಿಸಿ ಕಳಿಸಬೇಕು.

ಕಡತವನ್ನು ಓದುವ ಸಾಲಿನಲ್ಲಿ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ಯುಟಿಎಫ್-8ನಲ್ಲಿ ‘ಕ’ ಅಕ್ಷರ 224, 178, 149 ಎಂಬ 3 ಬೈಟ್‌ಗಳಾಗಿ ಕೂರುತ್ತದೆ. ‘ಕ್ಕ’ ಬರೆದರೆ ನಡುವಿನ ಹಲಂತ ಚಿಹ್ನೆಯೂ (್) ಸೇರಿ 9 ಬೈಟ್. ಮೇನ್ ಪ್ರೊಸೆಸ್ ಬಳಸುವ ನೋಡ್.ಜೆಎಸ್‌ನ ಕಡತ ಸ್ಟ್ರೀಮ್ ಸಾಮಾನ್ಯವಾಗಿ ಒಮ್ಮೆಗೆ 65,536 ಬೈಟ್‌ಗಳ ತುಂಡನ್ನು ಓದುತ್ತದೆ, ಮತ್ತು ಆ ಸಂಖ್ಯೆಯನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂದರೆ ಬರಿಯ ಕನ್ನಡ ಅಕ್ಷರಗಳೇ ತುಂಬಿದ ಕಡತದಲ್ಲಿ ಮೊದಲ ತುಂಡು ಅಕ್ಷರವೊಂದರ ಮೊದಲ ಬೈಟ್‌ಗೇ ಮುಗಿಯುತ್ತದೆ. ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಸ್ಟ್ರಿಂಗ್ ಮಾಡಿದರೆ ಅಕ್ಷರವಿದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರಗಳು ಮೂಡುತ್ತವೆ. ಇಂಗ್ಲಿಷ್ ಪಠ್ಯದಲ್ಲಿ ಅಕ್ಷರಕ್ಕೆ ಒಂದೇ ಬೈಟ್ ಇರುವುದರಿಂದ ಈ ತಪ್ಪು ಪರೀಕ್ಷೆಯ ವೇಳೆ ಕಣ್ಣಿಗೇ ಬೀಳುವುದಿಲ್ಲ. ಟಿಪ್ಪಣಿಯಷ್ಟು ಸಣ್ಣ ಕಡತವಾದರೆ ರೀಡ್‌ಫೈಲ್ ಬಳಸಿ ಇಡಿಯಾಗಿ ಓದಿ. ಸ್ಟ್ರೀಮ್ ಬೇಕೇ ಬೇಕೆಂದರೆ ಸೆಟ್‌ಎನ್‌ಕೋಡಿಂಗ್ ಕರೆದು ತುಂಡುಗಳ ಅಂಚನ್ನು ಅದಕ್ಕೇ ಬಿಡಿ. ಕಡತದ ತಲೆಯಲ್ಲಿ 239, 187, 191 ಎಂಬ ಬೈಟ್‌ಗಳ ಬಾಮ್ (ಪಠ್ಯ ಯುನಿಕೋಡ್‌ನಲ್ಲಿದೆ ಎಂದು ಸೂಚಿಸುವ) ಗುರುತು ಇದ್ದರೆ ನೋಡ್ ಅದನ್ನು ತೆಗೆಯುವುದಿಲ್ಲ, ಹ್ಯಾಂಡಲರ್ ತೆಗೆಯಬೇಕು. ಉಳಿಸುವಾಗ ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಕಡತವೊಂದಕ್ಕೆ ಬರೆದು, ಬರೆದು ಮುಗಿದ ಮೇಲೆ ಹಳೆಯ ಹೆಸರಿಗೆ ರೀನೇಮ್ ಮಾಡಿ. ಬರೆಯುವ ನಡುವೆ ತಂತ್ರಾಂಶ ನಿಂತುಹೋದರೂ ಹಳೆಯ ಟಿಪ್ಪಣಿ ಉಳಿದಿರುತ್ತದೆ.

ಪ್ರಿಲೋಡ್ ಸ್ಕ್ರಿಪ್ಟ್ ಆದಷ್ಟು ಚಿಕ್ಕದಾಗಿರಲಿ. ಕಾಂಟೆಕ್ಸ್ಟ್‌ಬ್ರಿಡ್ಜ್ ಮೂಲಕ ‘ಗಣಕ’ ಎಂಬ ಆಬ್ಜೆಕ್ಟನ್ನು ಪುಟಕ್ಕೆ ಕೊಡಿ. ಅದರಲ್ಲಿ ‘ತೆರೆ’ ಮತ್ತು ‘ಉಳಿಸು’ ಎಂಬ ಎರಡೇ ಫಂಕ್ಷನ್‌ಗಳಿದ್ದು, ಒಂದೊಂದೂ ತನ್ನ ಚಾನೆಲ್ಲನ್ನು ಮಾತ್ರ ಇನ್‌ವೋಕ್ ಮಾಡಲಿ. ಯಾವ ಚಾನೆಲ್ಲಿಗಾದರೂ ಸಂದೇಶ ಕಳಿಸಬಲ್ಲ ಐಪಿಸಿರೆಂಡರರನ್ನು ಇಡಿಯಾಗಿ ಪುಟದ ಕೈಗೆ ಒಪ್ಪಿಸಬೇಡಿ. ಕಡತದ ವಿಳಾಸವನ್ನೂ ಪುಟಕ್ಕೆ ಕೊಡದೆ ಮೇನ್ ಪ್ರೊಸೆಸ್‌ನಲ್ಲಿಯೇ ಇಟ್ಟುಕೊಂಡು, ಪುಟಕ್ಕೆ ಒಂದು ಗುರುತಿನ ಸಂಖ್ಯೆಯನ್ನಷ್ಟೇ ಕೊಟ್ಟರೆ, ಪುಟದೊಳಗೆ ಹೇಗೋ ನುಸುಳಿದ ಸ್ಕ್ರಿಪ್ಟ್ ತಾನು ಬಯಸಿದ ಕಡತದ ಮೇಲೆ ಬರೆಯಲಾರದು. ಪ್ರಿಲೋಡ್ ಕೋಡನ್ನೂ ಪುಟದ ಕೋಡನ್ನೂ ಬೇರೆಯಾಗಿಡುವ ಕಾಂಟೆಕ್ಸ್ಟ್ ಐಸೋಲೇಶನ್ ಎಲೆಕ್ಟ್ರಾನ್‌ನ 2021ರ 12ನೇ ಆವೃತ್ತಿಯಿಂದ ತಾನಾಗಿಯೇ ಆನ್ ಆಗಿರುತ್ತದೆ, ಅದನ್ನು ಮುಟ್ಟಬೇಡಿ. ಹಳೆಯ ಪಾಠಗಳನ್ನು ನೋಡಿ, ಪುಟಕ್ಕೇ ನೋಡ್.ಜೆಎಸ್ ಒದಗಿಸುವ ನೋಡ್ ಇಂಟಿಗ್ರೇಶನ್ ಆನ್ ಮಾಡಿ ಐಸೋಲೇಶನ್ ಆಫ್ ಮಾಡಿದವರಿಗೆ ಜೆಕ್ವೆರಿಯೇ ಸಿಗದೆ ಹೋಗುವುದುಂಟು. ಮಾಡ್ಯೂಲ್ ಎಂಬ ಆಬ್ಜೆಕ್ಟ್ ಕಂಡೊಡನೆ ಜೆಕ್ವೆರಿ ತನ್ನನ್ನು ಅದಕ್ಕೆ ಒಪ್ಪಿಸಿಕೊಳ್ಳುತ್ತದೆಯೇ ಹೊರತು ವಿಂಡೋಗೆ $ ಸೇರಿಸುವುದಿಲ್ಲ.

ಇನ್ನು ಪ್ಲಗಿನ್. $ನ ಎಫ್‌ಎನ್ ಆಬ್ಜೆಕ್ಟ್‌ಗೆ ‘ಕಡತತೆರೆ’ ಎಂಬ ಫಂಕ್ಷನ್ ಸೇರಿಸಿ. ಜೆಕ್ವೆರಿ ಪ್ಲಗಿನ್‌ಗಳಲ್ಲಿ ಆಯ್ದ ಪ್ರತಿ ಅಂಶಕ್ಕೂ ಈಚ್ ನಡೆಸುವುದು ರೂಢಿ, ಆದರೆ ಇಲ್ಲಿ ಹಾಗೆ ಮಾಡಿದರೆ ಮೂರು ಪೆಟ್ಟಿಗೆಗಳಿಗೆ ಮೂರು ಡೈಲಾಗ್‌ಗಳು ಎದ್ದು ನಿಲ್ಲುತ್ತವೆ. ಫಸ್ಟ್ ಮೆಥಡ್‌ನಿಂದ ಮೊದಲನೆಯದನ್ನಷ್ಟೇ ತೆಗೆದುಕೊಳ್ಳಿ. ‘ಗಣಕ’ದ ‘ತೆರೆ’ಯನ್ನು ಕರೆದು, ಉತ್ತರ ಬಂದಾಗ ಸ್ಥಿತಿ ‘ಸರಿ’ ಇದ್ದರೆ ವ್ಯಾಲ್ ಮೂಲಕ ಪಠ್ಯ ತುಂಬಿಸಿ, ಗುರುತಿನ ಸಂಖ್ಯೆಯನ್ನು ಡೇಟಾ ಮೆಥಡ್‌ನಲ್ಲಿ ಅಂಶದ ಜೊತೆಗೇ ಇಡಿ. ನಂತರ ‘ಕಡತ:ಸರಿ’, ‘ಕಡತ:ರದ್ದು’, ‘ಕಡತ:ದೋಷ’ ಇವುಗಳಲ್ಲಿ ತಕ್ಕ ಈವೆಂಟನ್ನು ಟ್ರಿಗರ್ ಮಾಡಿ. ಫಂಕ್ಷನ್ ಮಾತ್ರ ತಡಮಾಡದೆ ದಿಸ್ ಅನ್ನು ಹಿಂದಿರುಗಿಸಬೇಕು, ಇಲ್ಲವಾದರೆ ಜೆಕ್ವೆರಿಯ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಪ್ಲಗಿನ್ ಮುಟ್ಟುವುದು ‘ಗಣಕ’ವನ್ನು ಮಾತ್ರವಾದ್ದರಿಂದ, ಅದೇ ಹೆಸರಿನ ನಕಲಿ ಆಬ್ಜೆಕ್ಟನ್ನು ಪುಟಕ್ಕೆ ಸೇರಿಸಿ ಸಾಮಾನ್ಯ ಬ್ರೌಸರ್‌ನಲ್ಲಿಯೇ ಮೂರು ಸ್ಥಿತಿಗಳನ್ನೂ ಪರೀಕ್ಷಿಸಬಹುದು. ಎಲೆಕ್ಟ್ರಾನ್‌ನೊಳಗಿನ ಪರೀಕ್ಷೆಗೆ ಮೂರು ಕಡತಗಳನ್ನು ಸಿದ್ಧಮಾಡಿಕೊಳ್ಳಿ: ಓದಲು ಅನುಮತಿ ಇಲ್ಲದ್ದೊಂದು, ಬಾಮ್ ಇರುವುದೊಂದು, ಮತ್ತು ‘ಕ’ ಅಕ್ಷರವನ್ನೇ 30,000 ಸಲ ಬರೆದಿಟ್ಟದ್ದೊಂದು. ಕೊನೆಯದನ್ನು ತೆರೆದಾಗ 21,846ನೆಯ ಅಕ್ಷರವೂ ‘ಕ’ ಆಗಿಯೇ ಇರಬೇಕು.