ಸ್ಟಾಪ್‌ವಾಚ್‌ಗಿಂತ ಮೊದಲು ಜನನ ಪ್ರಮಾಣಪತ್ರ

ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆಯ ಕೆಲಸ ಹೆಗಲಿಗೆ ಬಿದ್ದಾಗ ನನ್ನ ಬಳಿ ಇದ್ದದ್ದು ಒಂದು ಸೀಟಿ, ಒಂದು ಸ್ಟಾಪ್‌ವಾಚ್. ಚೆನ್ನಾಗಿ ಓಡುವ ಮಕ್ಕಳನ್ನು ಹುಡುಕಿಕೊಟ್ಟರೆ ಉಳಿದದ್ದನ್ನು ದೆಹಲಿ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದೆ. ಮೊದಲ ವರ್ಷವೇ, ಹದಿಮೂರರ ಹುಡುಗಿಯೊಬ್ಬಳನ್ನು ರಾಷ್ಟ್ರೀಯ ಅಂತರ ಜಿಲ್ಲಾ ಜೂನಿಯರ್ ಕೂಟಕ್ಕೆ, ನಮ್ಮ ಬಾಯಲ್ಲಿ ನಿಡ್ಜಾಮ್‌ಗೆ, ಕಳುಹಿಸಲಾಗದೆ ಕೈಚೆಲ್ಲಿದೆ. ಶಾಲೆಯ ದಾಖಲೆಯಲ್ಲಿ ಅವಳು ಹುಟ್ಟಿದ್ದು ಜೂನ್ 1, ಆಧಾರ್‌ನಲ್ಲಿ ಬೇರೆ ದಿನ, ಜನನ ಪ್ರಮಾಣಪತ್ರ ಇರಲೇ ಇಲ್ಲ.

14 ಮತ್ತು 16 ವರ್ಷದೊಳಗಿನವರ ಕೂಟವದು. ವಯಸ್ಸೇ ಅದರ ಬೇಲಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪ್ರವೇಶಪತ್ರ ತುಂಬುವ ವಾರದಲ್ಲಿ ಅದು ಆಗುವ ಮಾತಲ್ಲ. ಮೇಲಾಗಿ ತಡವಾಗಿ ಮಾಡಿಸಿದ ಪ್ರಮಾಣಪತ್ರವನ್ನು ಕೂಟದವರು ಅನುಮಾನದಿಂದ ನೋಡುತ್ತಾರೆ. ವಯಸ್ಸು ಕದಿಯುವ ಚಾಳಿ ನಮ್ಮಲ್ಲಿ ಎಷ್ಟಿದೆ ಎಂದು ಬಲ್ಲ ನಾನು ಅವರನ್ನು ದೂರಲಾರೆ.

ಈಗ ಜೂನ್‌ನಲ್ಲೇ ಪೋಷಕರನ್ನು ಕರೆಸುತ್ತೇನೆ. ಓಟ ಆಮೇಲೆ, ಮೊದಲು ಕಡತ. ಪ್ರಮಾಣಪತ್ರ ಇಲ್ಲದವರ ಜೊತೆ ಕಚೇರಿಗೆ ನಾನೇ ಹೋಗುತ್ತೇನೆ. ತಾರೀಖುಗಳು ಹೊಂದದಿದ್ದರೆ ಎಂಟನೆಯ ತರಗತಿಯೊಳಗೆ ಸರಿಪಡಿಸಿಕೊಳ್ಳಿ ಎಂದು ಪೀಡಿಸುತ್ತೇನೆ; ತಪ್ಪು ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹತ್ತಿದ ಮೇಲೆ ಅದೊಂದು ದೊಡ್ಡ ರಗಳೆ.

ಎರಡನೆಯ ಪಾಠ ಏಣಿಗಳದ್ದು. ಶಾಲಾ ಕೂಟದ ಏಣಿ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರಿ ಶಾಲಾ ಕ್ರೀಡಾ ಫೆಡರೇಷನ್ನಿಗೆ ಮುಟ್ಟುತ್ತದೆ. ನಮ್ಮ ಸಂಸ್ಥೆಯ ಏಣಿ ಜಿಲ್ಲೆ, ರಾಜ್ಯಗಳ ಮೂಲಕ ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿಗೆ ಹೋಗುತ್ತದೆ. ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯ ವಿಷಯ, ಆದರೆ ದೇಶದ ತಂಡವನ್ನು ಆರಿಸುವುದು ಕೇಂದ್ರದ ಮಾನ್ಯತೆ ಪಡೆದ ಫೆಡರೇಷನ್. ಶಾಲಾ ರಾಜ್ಯಮಟ್ಟದಲ್ಲಿ ಚಿನ್ನ ಗೆದ್ದ ಮಗನನ್ನು ನೇರವಾಗಿ ಪಟ್ಟಿಗೆ ಸೇರಿಸಿ ಎಂದು ತಂದೆಯೊಬ್ಬರು ಜಗಳಕ್ಕೇ ನಿಂತಿದ್ದರು. ಆ ಏಣಿಯ ಮೆಟ್ಟಿಲು ಇಲ್ಲಿ ಲೆಕ್ಕಕ್ಕಿಲ್ಲ ಎಂದು ಒಪ್ಪಿಸಲು ಒಂದು ಸಂಜೆಯೇ ಹಿಡಿಯಿತು. ಮಕ್ಕಳನ್ನು ಈಗ ಎರಡರಲ್ಲೂ ಓಡಿಸುತ್ತೇನೆ. ದಣಿವು ಅವರದು, ಶಾಪ ನನಗೆ.

ಇನ್ನು ದುಡ್ಡು. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಪಟ್ಟಿ ಸೇರಿದವರಿಗೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ ಸಿಗುತ್ತದೆ. ಒಳ್ಳೆಯ ಯೋಜನೆ, ನಿಜ. ಆದರೆ ಅದು ಆಯ್ಕೆಯಾದ ಮೇಲಿನ ಮಾತು. ಅಲ್ಲಿಯವರೆಗಿನ ಬಸ್ ಚಾರ್ಜು, ಮೊಟ್ಟೆ, ಸ್ಪೈಕ್ಸ್ ಎಂಬ ಮೊಳೆಯ ಬೂಟು? ಹಳೆಯ ವಿದ್ಯಾರ್ಥಿಗಳ ಬೆನ್ನು ಹತ್ತುತ್ತೇನೆ. ನಗದು ಕೇಳುವುದಿಲ್ಲ, ಇಂಥ ಮಗುವಿಗೆ ಇಂಥ ಅಳತೆಯ ಸ್ಪೈಕ್ಸ್ ಎಂದು ಚೀಟಿ ಕೊಡುತ್ತೇನೆ. ಲೆಕ್ಕ ಬರೆಯುವ ತಾಪತ್ರಯವೂ ತಪ್ಪುತ್ತದೆ.

ಆ ಹುಡುಗಿ ಎರಡು ವರ್ಷದ ನಂತರ 16ರೊಳಗಿನ 600 ಮೀಟರ್‌ಗೆ ಹೊರಟಳು. ಅಪ್ಪ ಪ್ರಮಾಣಪತ್ರವನ್ನು ಜೋಪಾನವಾಗಿ ಲ್ಯಾಮಿನೇಟ್ ಮಾಡಿಸಿಕೊಂಡು ಬಂದಿದ್ದ. ಮೂಲ ಪ್ರತಿಗೆ ಹಾಗೆ ಮಾಡಬಾರದೆಂದು ಹೇಳಲು ನಾನೇ ಮರೆತಿದ್ದೆ. ಮತ್ತೊಂದು ಪ್ರತಿಗಾಗಿ ಅಂದೇ ಮಧ್ಯಾಹ್ನ ಇಬ್ಬರೂ ಬೈಕ್ ಹತ್ತಿದೆವು.