ತಗಡಿನ ರೂಮು, ಹಳೇ ಕಂಟ್ರೋಲರು, 26 ಸಾವಿರ: ನನ್ನ ಅನುಭವ

ನಮ್ಮ ರಾಯಚೂರು ಕಡೆ ಡಿಜೆ ಅಂದ್ರೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಪೇರಿಸಿದ ಬೇಸ್ ಬಾಕ್ಸು, ಹಿಂದೊಂದು ಜನರೇಟರು, ಮುಂದೆ ಕುಣಿಯೋ ಹುಡುಗರು. ಹಾಗಾಗಿ ಮನೆಯಲ್ಲೇ ಡಿಜೆ ಕಲೀತೀನಿ, ಸಾಮಾನು ತಗೋಬೇಕು ಅಂದಾಗ ಅಪ್ಪ ಮೊದಲು ಕೇಳಿದ್ದು, "ಟ್ರ್ಯಾಕ್ಟರ್ ಎಲ್ಲಿ ನಿಲ್ಲಸ್ತಿ?" ಕಾಕಾಂದು ಮೈಕ್ ಸೆಟ್, ಶಾಮಿಯಾನದ ಅಂಗಡಿ. ಅವರು ಕಂಟ್ರೋಲರ್ (ಲ್ಯಾಪ್‌ಟಾಪಿಗೆ ಜೋಡಿಸಿ ಹಾಡು ಬೆರೆಸೋ ಸಣ್ಣ ಸಾಧನ) ಫೋಟೋ ನೋಡಿ, "ಇದ್ರಾಗ ಬೇಸ್ ಎಲ್ಲೈತಲೇ? ಆಟಿಗಿ ಸಾಮಾನಿಗೆ ರೊಕ್ಕ ಹಾಕಬ್ಯಾಡ. ಅದೇ ರೊಕ್ಕಕ್ಕ ಜೋಡಿ ಸ್ಪೀಕರ್ ಹಾಕಿಸು, ಬಾಡಿಗಿನಾದ್ರೂ ಬರ್ತೈತಿ" ಅಂದರು. ಆ ಮಾತಿಗೆ ಈಗ ಉತ್ತರ ಸಿಕ್ಕಿದೆ, ಅದಕ್ಕೇ ಬರೀತಿದ್ದೀನಿ.

ಮೊದಲ ಸಲ ಎಡವಿದ್ದು ನಾನೇ. ಎಂಟು ಸಾವಿರ ಕೊಟ್ಟು ಸೌಂಡ್ ಕಾರ್ಡ್ (ಹೆಡ್‌ಫೋನಿಗೂ ಸ್ಪೀಕರಿಗೂ ಬೇರೆ ಬೇರೆ ದನಿ ಕಳಿಸೋ ಭಾಗ) ಇಲ್ಲದ ಕಂಟ್ರೋಲರ್ ತರಿಸಿದೆ. ಕೈಯಲ್ಲಿ ತಿರುಗಿಸೋ ಜಾಗ್ ವೀಲ್ ಇದೆ, ಒತ್ತೋ ಪ್ಯಾಡ್ ಇದೆ, ಮಿಣುಕು ಲೈಟಿದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಹೆಡ್‌ಫೋನಿನಲ್ಲಿ ಮುಂದಿನ ಹಾಡು ಕ್ಯೂ ಮಾಡೋಕೆ, ಅಂದ್ರೆ ಮೊದಲೇ ಕೇಳಿ ಸಜ್ಜು ಮಾಡೋಕೆ ಹೋದ್ರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಸ್ಪ್ಲಿಟರ್ ಕೇಬಲ್ ಹಾಕಿದೆ. ಹೆಡ್‌ಫೋನಿಗೆ ಕ್ಯೂ, ಸ್ಪೀಕರಿಗೆ ಮಾಸ್ಟರ್ (ಎಲ್ಲರಿಗೂ ಕೇಳೋ ಹಾಡು), ಎರಡೂ ಒಂದೇ ಚಾನಲ್ಲಿನ ಮೋನೊ. ಸ್ಟೀರಿಯೊ ಹಾಡು ಬಡಕಲಾಗಿ ಕೇಳ್ತಿತ್ತು. ಕೇಬಲ್ ಬಿಟ್ಟು ಬ್ಲೂಟೂತ್ ಸ್ಪೀಕರ್ ಹಾಕಿದ್ರೆ ಅದರ ಕಾಟವೇ ಬೇರೆ. 120 ಬಿಪಿಎಂ (ನಿಮಿಷಕ್ಕೆ 120 ಬೀಟು) ಹಾಡಲ್ಲಿ ಒಂದು ಬೀಟಿಗೂ ಮುಂದಿನದಕ್ಕೂ ಅರ್ಧ ಸೆಕೆಂಡು. ಬ್ಲೂಟೂತ್ ಕಾಲು ಸೆಕೆಂಡಿನ ಹತ್ತಿರ ತಡ ಮಾಡುತ್ತೆ. ಕೈ ಈಗ ಹೊಡೀತು, ದನಿ ಆಮೇಲೆ ಬಂತು. ಎರಡು ತಿಂಗಳು ನನ್ನ ಕೈಗೇ ತಾಳ ಇಲ್ಲ ಅಂತ ಕೊರಗಿದೆ. ಕೊನೆಗೆ ಆ ಕಂಟ್ರೋಲರನ್ನ ನಾಲ್ಕೂವರೆ ಸಾವಿರಕ್ಕೆ ಮಾರಿದೆ. ಮೂರೂವರೆ ನೀರಿಗೆ ಹೋಯ್ತು.

ಎರಡನೇ ಸಲ ಕಣ್ಣಿಟ್ಟಿದ್ದು ಎರಡು ಚಾನಲ್ (ಒಟ್ಟಿಗೆ ಎರಡು ಹಾಡು ನಡೆಸೋಕೆ), ಒಳಗೇ ಸೌಂಡ್ ಕಾರ್ಡ್ ಇರುವಂಥದ್ದು. ಪಯೋನಿಯರ್ ಡಿಜೆಯ ಹೊಸ ಕಂಟ್ರೋಲರ್ ಡಿಡಿಜೆ ಎಫ್‌ಎಲ್‌ಎಕ್ಸ್4 ಮೂವತ್ತು ಸಾವಿರದ ಆಸುಪಾಸು ಹೇಳ್ತಿದ್ದರು, ನನ್ನ ಕೈಗೆ ಎಟುಕಲ್ಲ. ಹರ್ಕ್ಯುಲಿಸ್ ಇನ್‌ಪಲ್ಸ್ 200 ಅದರ ಅರ್ಧಕ್ಕೂ ಕಡಿಮೆ, ಅದೂ ಒಳ್ಳೆಯ ಆಯ್ಕೆಯೇ. ಆದರೆ ಹೈದರಾಬಾದಿನಲ್ಲಿ ಹಾಸ್ಟೆಲ್ ಬಿಡ್ತಿದ್ದ ಹುಡುಗನೊಬ್ಬ ಡಿಡಿಜೆ 400 ಮಾರ್ತೀನಿ ಅಂದ. 2018ರ ಮಾಡೆಲ್ಲು, ಎಫ್‌ಎಲ್‌ಎಕ್ಸ್4ಗೆ ಅಣ್ಣ ಇದ್ದಂಗೆ. ಪ್ಲಗ್ ಮಾಡಿದ್ರೆ ರೆಕಾರ್ಡ್‌ಬಾಕ್ಸ್ ಅನ್ನೋ ಡಿಜೆ ಸಾಫ್ಟ್‌ವೇರಿನ ಪರ್ಫಾರ್ಮೆನ್ಸ್ ಮೋಡ್ ಪುಕ್ಕಟೆ ತೆರೆಯುತ್ತೆ. ಬೆಳಗಿನ ರೈಲು ಹಿಡಿದು ಹೋದೆ.

ಹಳೇ ಸಾಮಾನು ನೋಡೋ ರೀತಿ ಹೇಳ್ತೀನಿ, ಇದು ನಮ್ಮ ಮೊಬೈಲ್ ರಿಪೇರಿ ಅಂಗಡಿಯ ವಿದ್ಯೆ. ಹಾಡು ಹಾಕಿ ಕುಣಿಸಬೇಡಿ. ಹಾಡು ನಿಲ್ಲಿಸಿ, ಒಂದೊಂದೇ ಫೇಡರನ್ನ (ದನಿ ಏರಿಸಿ ಇಳಿಸೋ ಪಟ್ಟಿ) ಇರುವೆ ನಡೆದಷ್ಟು ನಿಧಾನ ಸರಿಸಿ, ತೆರೆಯ ಮೇಲಿನ ಫೇಡರ್ ನೋಡಿ. ಹಾಡಿನ ಗದ್ದಲದಲ್ಲಿ ಗೊತ್ತಾಗದ ನೆಗೆತ, ನಡುಕ ಆಗ ಕಾಣುತ್ತೆ. ಹಾಡಿನ ವೇಗ ಬದಲಿಸೋ ಟೆಂಪೊ ಸ್ಲೈಡರ್ ನಡುವೆ ಬಿಟ್ಟಾಗ ತೆರೆಯ ಮೇಲೆ ಸೊನ್ನೆ ನಿಲ್ಲಬೇಕು, ನಡುಗಬಾರದು. ಯುಎಸ್‌ಬಿ ಪಿನ್ನನ್ನ ಬೆರಳಲ್ಲಿ ಅಲ್ಲಾಡಿಸಿ. ಇನ್ನೊಂದು ಪರೀಕ್ಷೆ ಇದೆ, ಅದರಿಂದಲೇ ಅವನ 17 ಸಾವಿರ 14,500ಕ್ಕೆ ಇಳೀತು. ಅದು ಮಾತ್ರ ನನ್ನ ಹತ್ತಿರವೇ ಇರಲಿ.

ಮನೆಗೆ ತಂದು ಜೋಡಿಸಿದರೆ ಸ್ಪೀಕರಿನಲ್ಲಿ ಗುಂಯ್ ಅಂತ ಒಂದೇ ಸಮ. ಮೋಸ ಹೋದೆ ಅಂದುಕೊಂಡು ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಕರೆಂಟ್ ಹೋಯ್ತು. ಸ್ಪೀಕರ್ ಇನ್ವರ್ಟರ್ ಮೇಲೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೀತಿತ್ತು, ಗುಂಯ್ ಮಾಯ! ಚಾರ್ಜರ್ ಚುಚ್ಚಿದರೆ ಮತ್ತೆ ಹಾಜರ್. ಇದು ಗ್ರೌಂಡ್ ಲೂಪು, ಅಂದ್ರೆ ಚಾರ್ಜರ್, ಸ್ಪೀಕರ್ ಎರಡರ ಅರ್ಥಿಂಗ್ ಸುತ್ತಿಕೊಂಡು ಬರೋ ಗುಂಯ್. ನಮ್ಮ ಓಣಿಯ ಹಳೇ ಮನೆಗಳ ಅರ್ಥಿಂಗ್ ಬಗ್ಗೆ ಮಾತಾಡದಿರೋದೇ ವಾಸಿ. ಗೆಳೆಯನೊಬ್ಬ ಚಾರ್ಜರಿನ ದಪ್ಪ ಪಿನ್ನು, ಅಂದ್ರೆ ಅರ್ಥಿಂಗ್ ಪಿನ್ನು ಮುರಿದು ಹಾಕು ಅಂದ. ಹಂಗೆ ಮಾಡಿ ಶಾಕ್ ಹೊಡೆಸಿಕೊಂಡವರನ್ನ ನೋಡಿದ್ದೀನಿ, ನಾನು ಒಲ್ಲೆ ಅಂದೆ. ಸ್ಪೀಕರಿಗೆ ಹೋಗೋ ಆರ್‌ಸಿಎ ವೈರಿನ ನಡುವೆ, ಲೂಪು ಕಡಿಯೋ 250 ರೂಪಾಯಿಯ ಐಸೊಲೇಟರ್ ಹಾಕಿದೆ, ಗುಂಯ್ ನಿಂತಿತು.

ಏಪ್ರಿಲ್ ಬಂತು ನೋಡಿ, ಆಗ ನಿಜವಾದ ಪರೀಕ್ಷೆ. ಮೇಲಿನ ತಗಡಿನ ರೂಮು ಮಧ್ಯಾಹ್ನ ಒಲೆ. ಲ್ಯಾಪ್‌ಟಾಪ್ ಕಾದು ಪ್ರೊಸೆಸರ್ ತಾನೇ ನಿಧಾನ ಆಗ್ತಿತ್ತು, ಹಾಡು ಪಟಪಟ ಒಡೀತಿತ್ತು. ಬಫರ್ (ದನಿಯನ್ನ ಮೊದಲೇ ಕೂಡಿಟ್ಟುಕೊಳ್ಳೋ ಅಳತೆ) 128ರಿಂದ 512ಕ್ಕೆ ಏರಿಸಿದೆ. ತಡ ಸುಮಾರು 12 ಮಿಲಿಸೆಕೆಂಡು, ನನ್ನ ಕೈಗೆ ಗೊತ್ತಾಗಲ್ಲ. ಲ್ಯಾಪ್‌ಟಾಪನ್ನ ಎರಡು ಇಟ್ಟಿಗೆ ಮೇಲೆ ಕೂರಿಸಿ ಕೆಳಗೆ ಗಾಳಿ ಆಡೋ ಹಾಗೆ ಮಾಡಿದೆ. ಧೂಳಿಗೆ ಎಡಗಡೆ ಫೇಡರ್ ಬಿಗಿಯಾದಾಗ ಅವ್ವನ ಹೊಲಿಗೆ ಮಷಿನಿನ ಎಣ್ಣೆ ಒಂದು ಹನಿ ಬಿಟ್ಟೆ. ನನ್ನ ಜೀವನದ ದಡ್ಡ ಕೆಲಸಗಳಲ್ಲಿ ಇದೂ ಒಂದು. ವಾರದಲ್ಲಿ ಎಣ್ಣೆಗೆ ಧೂಳು ಮೆತ್ತಿ ಗೋಂದಾಯ್ತು. ಬಿಚ್ಚಿ, ಅಂಗಡಿಯ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಲಿಕ್ವಿಡ್ಡಲ್ಲಿ ತೊಳೆದ ಮೇಲೆ ಸರಿಹೋಯ್ತು. ಈಗ ಮೇಲೊಂದು ಹಳೇ ಟವೆಲ್ ಸದಾ ಇರುತ್ತೆ.

ಸ್ಪೀಕರ್ ವಿಷಯಕ್ಕೆ ಕಾಕಾನ ಜೊತೆ ಇನ್ನೂ ಜಗಳ ಇದೆ. ಮನೆಯಲ್ಲಿ ಕಲಿಯೋಕೆ ವಾಟ್ಸ್ ಬೇಡ. ಐದೂವರೆ ಸಾವಿರದ ಜೋಡಿ ಶೆಲ್ಫ್ ಸ್ಪೀಕರ್ ತಂದೆ. ಅಪ್ಪ ಕೆಳಗೆ ಮಲಗಿದ್ದರೂ ನಡೆಯುತ್ತೆ. ಹೆಡ್‌ಫೋನಿಗೆ 2,200 ಹಾಕಿದೆ. ಕಿವಿ ಪೂರ್ತಿ ಮುಚ್ಚುವ, ಒಂದು ಕಪ್ ಹಿಂದಕ್ಕೆ ತಿರುಗುವ, ವೈರ್ ಇರುವಂಥದ್ದು. ರೊಕ್ಕ ಸುರಿಯಬೇಕಾದ್ದು ಅಲ್ಲಿ. ಕೇಬಲ್ಲು, ಮೊದಲ ನಷ್ಟ ಎಲ್ಲ ಸೇರಿ 26 ಸಾವಿರ ಆಗಿರಬೇಕು.

ನಡುವೆ ಒಂದು ಹುಚ್ಚು. ಮಾನ್ವಿ ಹತ್ತಿರದ ಅಜ್ಜಿ ಊರಲ್ಲಿ ಮೊಹರಂಗೆ ಅಲಾಯಿ ಕುಣಿತದ ಹಲಗಿ ಬಡಿತವನ್ನ ಫೋನಲ್ಲಿ ಹಿಡಿದು ತಂದೆ. ಸಾಫ್ಟ್‌ವೇರ್ ಅದಕ್ಕೆ ಗ್ರಿಡ್ (ಬೀಟುಗಳ ಗೆರೆ ಗುರುತು) ಹಾಕಲಾರದೆ ಒಮ್ಮೆ 75, ಒಮ್ಮೆ 150 ಅಂದಿತು. ಬಡಿಯೋರಿಗೆ ರಂಗೇರಿದಂತೆ ವೇಗವೂ ಏರುತ್ತಲ್ಲ! ಇಡೀ ಹಾಡಿನ ಆಸೆ ಬಿಟ್ಟು, ಚೆನ್ನಾಗಿ ಕೂತ ಎಂಟು ಬೀಟು ಕತ್ತರಿಸಿ, ಅದೇ ಸುತ್ತಿ ಬರೋ ಹಾಗೆ ಲೂಪ್ ಮಾಡಿ ಪ್ಯಾಡಿಗೆ ಹಾಕಿದೆ. ವಾಟ್ಸಪ್ಪಲ್ಲಿ ಬಂದ, ಗುಣಮಟ್ಟ ಕಮ್ಮಿ ಇರೋ ಹಾಡುಗಳ ಬಗ್ಗೆ ಒಂದೇ ಮಾತು: ಮನೆಯ ಸ್ಪೀಕರಲ್ಲಿ ಮುಚ್ಚಿಹೋಗೋ ದೋಷ ದೊಡ್ಡ ಬಾಕ್ಸಲ್ಲಿ ಮಾನ ಕಳೆಯುತ್ತೆ.

ಹೋದ ಬೇಸಿಗೆಯಲ್ಲಿ ಚಿಕ್ಕಮ್ಮನ ಮಗಳ ಅರಿಶಿನದ ದಿನ, ಮಾಳಿಗೆ ಮೇಲೆ ಕಾಕಾನ ಬಾಕ್ಸುಗಳಿಗೆ ಇದೇ ಆಟಿಗಿ ಸಾಮಾನು ಜೋಡಿಸಿ ಮೂರು ತಾಸು ನಡೆಸಿದೆ, ನಡುವೆ ಒಮ್ಮೆಯೂ ಹಾಡು ನಿಲ್ಲಲಿಲ್ಲ. ಹಲಗಿ ಲೂಪ್ ಬಿಟ್ಟಾಗ ಅಡುಗೆಯವರು ಸೌಟು ಹಿಡಿದೇ ಮೇಲೆ ಬಂದರು. ಕಾಕಾ ಏನೂ ಅನ್ನಲಿಲ್ಲ. ನಾಲ್ಕು ದಿನ ಬಿಟ್ಟು ಅಂಗಡಿಗೆ ಬಂದು, ಬೇರೆಯವರ ಫೋನಿನ ಗ್ಲಾಸ್ ನೋಡ್ತಾ, "ಆ ಹಲಗಿ ಸಾಮಾನು ದಿನದ ಬಾಡಿಗಿಗೆ ಕೊಡ್ತಿಯೇನು?" ಅಂದರು. ಕಂಟ್ರೋಲರಿಗೆ ದಿನಕ್ಕೆ 800 ಹೇಳಿದ್ದೀನಿ, ಲೂಪ್ ಕೊಡಲ್ಲ. ಹೆಡ್‌ಫೋನನ್ನೂ ಕೊಡಲ್ಲ.