ಫೋನಿನ ಸಂವೇದಕಗಳಿಂದ ಅಳೆಯುವ ಕ್ರಮ: ಹುಬ್ಬಳ್ಳಿ–ಧಾರವಾಡದಲ್ಲಿ ಮಾಡಿ ನೋಡಬಹುದಾದ ಕೆಲವು ಪ್ರಯೋಗಗಳು

ಸಾಧಾರಣ ಬೆಲೆಯ ಸ್ಮಾರ್ಟ್‌ಫೋನಿನಲ್ಲಿಯೂ ಇಂದು ವೇಗೋತ್ಕರ್ಷವನ್ನು ಅಳೆಯುವ ಅಕ್ಸೆಲೆರೋಮೀಟರ್, ಬೆಳಕಿನ ಸಂವೇದಕ, ಮೈಕ್ರೋಫೋನ್ ಮತ್ತು ಜಿಪಿಎಸ್ ಇರುತ್ತವೆ; ಸ್ವಲ್ಪ ಮೇಲ್ದರ್ಜೆಯ ಫೋನುಗಳಲ್ಲಿ ಇವುಗಳ ಜೊತೆಗೆ ಕಾಂತಕ್ಷೇತ್ರವನ್ನು ಅಳೆಯುವ ಮ್ಯಾಗ್ನೆಟೋಮೀಟರ್, ತಿರುಗುವಿಕೆಯನ್ನು ಅಳೆಯುವ ಜೈರೋಸ್ಕೋಪ್ ಮತ್ತು ಕೆಲವೊಮ್ಮೆ ವಾಯುಭಾರ ಮಾಪಕವೂ ಸೇರಿರುತ್ತವೆ. ಪರದೆಯನ್ನು ಅಡ್ಡ ತಿರುಗಿಸಲು ಅಥವಾ ನಕ್ಷೆಯಲ್ಲಿ ದಿಕ್ಕು ತೋರಿಸಲು ತಯಾರಕರು ಇಟ್ಟಿರುವ ಈ ಬಿಡಿಭಾಗಗಳನ್ನು ಆಸಕ್ತರು ಅಳತೆಯ ಉಪಕರಣಗಳನ್ನಾಗಿಯೂ ಬಳಸಿಕೊಳ್ಳಬಹುದು. ಆದರೆ ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿ ತೋರಿಸುವ ಫೋನು ಆ ನಾಲ್ಕೂ ಅಂಕಿಗಳಿಗೆ ಹೊಣೆಯಾಗುವುದಿಲ್ಲ. ಪ್ರತಿಯೊಂದು ಸಂವೇದಕಕ್ಕೂ ಅದರದೇ ಆದ ಸ್ಥಿರ ದೋಷವಿರುತ್ತದೆ. ಆದ್ದರಿಂದ ಒಂದೇ ರೀಡಿಂಗನ್ನು ನಂಬುವ ಬದಲು, ಎರಡು ರೀಡಿಂಗುಗಳ ವ್ಯತ್ಯಾಸವನ್ನು ನಂಬುವಂತೆ ಪ್ರಯೋಗವನ್ನು ಹೂಡಬೇಕು. ಎರಡರಲ್ಲಿಯೂ ಸಮನಾಗಿರುವ ದೋಷವು ಕಳೆಯುವ ಲೆಕ್ಕದಲ್ಲಿ ತಾನಾಗಿಯೇ ಹೋಗುತ್ತದೆ. ಕೆಳಗಿನ ಪ್ರಯೋಗಗಳನ್ನೆಲ್ಲ ಈ ಒಂದು ಉಪಾಯದ ಮೇಲೆಯೇ ಕಟ್ಟಲಾಗಿದೆ.

ಇದಕ್ಕೆ ಬೇಕಾದ ಆ್ಯಪ್ ಫೈಫಾಕ್ಸ್. ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯೂಟಿಎಚ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗಿ 2016ರಲ್ಲಿ ಬಿಡುಗಡೆಯಾದ ಈ ಆ್ಯಪ್ ಉಚಿತವಾಗಿ ಸಿಗುತ್ತದೆ, ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲಿಯೂ ಕೆಲಸ ಮಾಡುತ್ತದೆ ಮತ್ತು ಅದರ ಮೂಲ ಸಂಕೇತ ಎಲ್ಲರಿಗೂ ತೆರೆದಿದೆ. ತೆರೆದ ಕೂಡಲೇ ಬರುವ ಪಟ್ಟಿಯಲ್ಲಿ ನಿಮ್ಮ ಫೋನಿನಲ್ಲಿ ಇಲ್ಲದ ಸಂವೇದಕಗಳ ಪ್ರಯೋಗಗಳು ಮಸುಕಾಗಿ ಕಾಣುತ್ತವೆ. ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂಬುದು ಅಲ್ಲಿಯೇ ತಿಳಿಯುತ್ತದೆ. ಮೂರು ಸೌಲಭ್ಯಗಳನ್ನು ಮೊದಲೇ ರೂಢಿಸಿಕೊಳ್ಳುವುದು ಒಳ್ಳೆಯದು. ನಿಗದಿತ ಸಮಯಕ್ಕೆ ತಾನೇ ಆರಂಭವಾಗಿ ತಾನೇ ನಿಲ್ಲುವ ವ್ಯವಸ್ಥೆ ಒಂದು. ಇದರಿಂದ ಬಟನ್ ಒತ್ತುವಾಗಿನ ಕೈ ಅಲುಗಾಟ ದಾಖಲೆಗೆ ಸೇರುವುದಿಲ್ಲ. ಅಂಕಿಗಳನ್ನು ಎಕ್ಸೆಲ್ ಕಡತವಾಗಿ ಹೊರತೆಗೆಯುವುದು ಇನ್ನೊಂದು. ಮೂರನೆಯದು ರಿಮೋಟ್ ಆಕ್ಸೆಸ್: ಫೋನು ಮತ್ತು ಲ್ಯಾಪ್‌ಟಾಪ್ ಒಂದೇ ವೈಫೈ ಜಾಲದಲ್ಲಿದ್ದರೆ, ಫೋನನ್ನು ಮುಟ್ಟದೆಯೇ ಬ್ರೌಸರ್‌ನಲ್ಲಿ ಅದರ ಗ್ರಾಫನ್ನು ನೋಡಬಹುದು.

ಮೊದಲು ಅಕ್ಸೆಲೆರೋಮೀಟರ್ ಅನ್ನು ಪರೀಕ್ಷಿಸಬೇಕು. ಗುರುತ್ವವನ್ನೂ ಸೇರಿಸಿ ತೋರಿಸುವ ಆಯ್ಕೆಯನ್ನು ತೆರೆದು, ಫೋನನ್ನು ಮಟ್ಟಸವಾದ ಮೇಜಿನ ಮೇಲೆ ಅಂಗಾತವಾಗಿ ಇಡಿ. ಹಿಂಬದಿಯ ಕ್ಯಾಮೆರಾದ ಉಬ್ಬು ಮೇಜಿನ ಅಂಚಿನಿಂದ ಆಚೆ ಇರಲಿ, ಇಲ್ಲದಿದ್ದರೆ ಫೋನು ವಾಲುತ್ತದೆ. ಪರದೆಗೆ ಲಂಬವಾಗಿರುವ ಅಕ್ಷದಲ್ಲಿ ಸುಮಾರು 9.8 ಎಂಬ ಅಂಕಿ ಬರುತ್ತದೆ. ಸುಮ್ಮನೆ ಬಿದ್ದಿರುವ ಫೋನು ವೇಗೋತ್ಕರ್ಷ ತೋರಿಸುವುದೇಕೆ ಎಂದು ಹಲವರು ಕೇಳುತ್ತಾರೆ. ಸಂವೇದಕದ ಒಳಗೆ ಸಿಲಿಕಾನಿನ ಅತಿಸಣ್ಣ ತೂಕವೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ, ಅದು ಭೂಮಿಯ ಸೆಳೆತಕ್ಕೆ ಜಗ್ಗಿರುತ್ತದೆ; ಫೋನು ಅಳೆಯುವುದು ಆ ಜಗ್ಗುವಿಕೆಯನ್ನೇ. ಅದನ್ನು ಹಾಸಿಗೆಯ ಮೇಲೆ ಬೀಳಬಿಟ್ಟರೆ, ಗಾಳಿಯಲ್ಲಿರುವಷ್ಟು ಹೊತ್ತು ರೀಡಿಂಗು ಸೊನ್ನೆಯ ಸಮೀಪಕ್ಕೆ ಇಳಿಯುತ್ತದೆ. ಈಗ ಫೋನನ್ನು ಬೋರಲಾಗಿ ತಿರುಗಿಸಿ. ಉದಾಹರಣೆಗೆ ಅಂಗಾತವಾಗಿದ್ದಾಗ 9.91, ಬೋರಲಾಗಿದ್ದಾಗ –9.67 ಬಂತೆಂದುಕೊಳ್ಳೋಣ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಬರುವ 0.12 ನಿಮ್ಮ ಸಂವೇದಕದ ಸ್ಥಿರ ದೋಷ. ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಬರುವ 9.79 ಗುರುತ್ವದ ಬೆಲೆ. ಹುಬ್ಬಳ್ಳಿಯ ಅಕ್ಷಾಂಶ ಮತ್ತು ಎತ್ತರಕ್ಕೆ ಲೆಕ್ಕ ಹಾಕಿದರೆ ಗುರುತ್ವವು ಸುಮಾರು 9.78 ಆಗುತ್ತದೆ, ಪಠ್ಯಪುಸ್ತಕದ 9.81 ಅಲ್ಲ, ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಅದು ಕಡಿಮೆಯಾಗುತ್ತದೆ. ಉಳಿದೆರಡು ಅಕ್ಷಗಳಿಗೂ ಹೀಗೆಯೇ ಮಾಡಿ, ದೋಷಗಳನ್ನು ಬರೆದಿಟ್ಟುಕೊಳ್ಳಿ.

ಗುರುತ್ವವನ್ನು ಲೋಲಕದಿಂದಲೂ ಅಳೆಯಬಹುದು. ಒಂದು ಮೀಟರ್ ಉದ್ದದ ಲೋಲಕದ ಆಂದೋಲನದ ಅವಧಿ ಇಲ್ಲಿ 2.01 ಸೆಕೆಂಡು. ಆದರೆ ತೂಗುಹಾಕಿದ ಫೋನಿನ ಗುರುತ್ವಕೇಂದ್ರ ಎಲ್ಲಿದೆ ಎಂಬುದು ಸರಿಯಾಗಿ ಗೊತ್ತಿರುವುದಿಲ್ಲವಾದ್ದರಿಂದ, ಎರಡು ಬೇರೆ ಬೇರೆ ಉದ್ದಗಳಲ್ಲಿ ಅವಧಿಯನ್ನು ಅಳೆದು, ಉದ್ದಗಳ ವ್ಯತ್ಯಾಸವನ್ನು ಅವಧಿಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಿ 39.48ರಿಂದ (ಅಂದರೆ 4π²ರಿಂದ) ಗುಣಿಸುವುದು ಸರಿಯಾದ ದಾರಿ.

ವಾಯುಭಾರ ಮಾಪಕವಿರುವ ಫೋನು ನಿಮ್ಮಲ್ಲಿದ್ದರೆ ಅದೃಷ್ಟವೇ ಸರಿ, ಏಕೆಂದರೆ ಫೋನಿನ ಸಂವೇದಕಗಳಲ್ಲಿ ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದದ್ದು ಅದೇ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸರಾಸರಿ 1013 ಹೆಕ್ಟೋಪ್ಯಾಸ್ಕಲ್ ಇದ್ದರೆ, ಹುಬ್ಬಳ್ಳಿಯಲ್ಲಿ ಅದು 940ರ ಆಸುಪಾಸಿನಲ್ಲಿರುತ್ತದೆ. ಇಲ್ಲಿನ ಎತ್ತರ ಮತ್ತು ತಾಪಮಾನದಲ್ಲಿ ಸುಮಾರು 9.4 ಮೀಟರ್ ಮೇಲೇರಿದರೆ ಒಂದು ಹೆಕ್ಟೋಪ್ಯಾಸ್ಕಲ್ ಕಡಿಮೆಯಾಗುತ್ತದೆ. ಮನೆಯ ಒಂದು ಮಹಡಿ ಹತ್ತಿದರೆ 0.3ರಷ್ಟು ಇಳಿಯುವುದನ್ನು ಗ್ರಾಫಿನಲ್ಲಿ ಸ್ಪಷ್ಟವಾಗಿ ಕಾಣಬಹುದು. ನೃಪತುಂಗ ಬೆಟ್ಟದ ಮೆಟ್ಟಿಲುಗಳನ್ನು ಹತ್ತುವಾಗ ದಾಖಲಿಸಿದರಂತೂ ನೀವು ದಣಿದು ನಿಂತ ಜಾಗಗಳೆಲ್ಲ ಚಪ್ಪಟೆ ಗೆರೆಗಳಾಗಿ ಮೂಡಿರುತ್ತವೆ.

ಹುಬ್ಬಳ್ಳಿಗಿಂತ ಧಾರವಾಡ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆಯುವುದು ನಮ್ಮ ಅವಳಿ ನಗರಕ್ಕೆ ಹೇಳಿ ಮಾಡಿಸಿದ ಪ್ರಯೋಗ. ರೈಲು ನಿಲ್ದಾಣಗಳ ಹಳದಿ ಫಲಕಗಳ ಮೇಲೆ ಸಮುದ್ರಮಟ್ಟದಿಂದ ಆ ಜಾಗದ ಎತ್ತರವನ್ನು ಬರೆದಿರುತ್ತಾರೆ. ಹುಬ್ಬಳ್ಳಿ ನಿಲ್ದಾಣದ ಫಲಕದ ಬುಡದಲ್ಲಿ ಒಂದು ರೀಡಿಂಗು, ಧಾರವಾಡ ನಿಲ್ದಾಣದ ಫಲಕದ ಬುಡದಲ್ಲಿ ಇನ್ನೊಂದು ರೀಡಿಂಗು ತೆಗೆದುಕೊಂಡು, ವ್ಯತ್ಯಾಸವನ್ನು 9.4ರಿಂದ ಗುಣಿಸಿ, ಎರಡು ಫಲಕಗಳ ಅಂಕಿಗಳ ವ್ಯತ್ಯಾಸದೊಂದಿಗೆ ಹೋಲಿಸಿ ನೋಡಿ. ಇಲ್ಲಿ ಒಂದು ತೊಡಕಿದೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡವು ದಿನಕ್ಕೆ ಎರಡು ಬಾರಿ ಏರಿಳಿಯುತ್ತದೆ: ಬೆಳಿಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಹೆಚ್ಚು, ನಸುಕಿನ 4 ಮತ್ತು ಸಂಜೆ 4ರ ಸುಮಾರಿಗೆ ಕಡಿಮೆ. ಬಿಸಿಲು ವಾತಾವರಣದ ಮೇಲ್ಪದರಗಳನ್ನು ಕಾಯಿಸುವುದರಿಂದ ಏಳುವ ಈ ಗಾಳಿಯ ಭರತ-ಇಳಿತವು ಬೆಳಿಗ್ಗೆಯಿಂದ ಸಂಜೆಯೊಳಗೆ ಎರಡು–ಮೂರು ಹೆಕ್ಟೋಪ್ಯಾಸ್ಕಲ್‌ಗಳಷ್ಟಾದರೆ, ಎತ್ತರದ ಲೆಕ್ಕದಲ್ಲಿ ಇಪ್ಪತ್ತು ಮೀಟರಿಗೂ ಮಿಕ್ಕಿದ ತಪ್ಪು ನುಸುಳುತ್ತದೆ. ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಅಳೆದು, ಧಾರವಾಡದಲ್ಲಿ ಊಟ ಮುಗಿಸಿ, ಫೇಡಾ ಕಟ್ಟಿಸಿಕೊಂಡು ನಾಲ್ಕು ಗಂಟೆಗೆ ಅಳೆದರೆ ಧಾರವಾಡ ಇರುವುದಕ್ಕಿಂತ ಎತ್ತರದಲ್ಲಿದೆ ಎಂದು ಫೋನು ಹೇಳುತ್ತದೆ.

ಇದಕ್ಕೆ ಸುಲಭದ ಪರಿಹಾರವೆಂದರೆ ಮರಳಿ ಬಂದು ಹುಬ್ಬಳ್ಳಿಯಲ್ಲಿ ಮತ್ತೊಮ್ಮೆ ಅಳೆದು, ಹುಬ್ಬಳ್ಳಿಯ ಎರಡು ರೀಡಿಂಗುಗಳ ಸರಾಸರಿಯನ್ನು ಧಾರವಾಡದ ರೀಡಿಂಗಿನಿಂದ ಕಳೆಯುವುದು. ಆದರೆ ಹೋಗುವ ಮತ್ತು ಬರುವ ಸಮಯ ಸಮನಾಗಿರಬೇಕು. ಇದಕ್ಕಿಂತ ಉತ್ತಮವಾದ ದಾರಿ ಎರಡು ಫೋನುಗಳದ್ದು. ಎರಡನ್ನೂ ಮೊದಲು ಪಕ್ಕಪಕ್ಕದಲ್ಲಿಟ್ಟು ಅವುಗಳ ನಡುವಿನ ವ್ಯತ್ಯಾಸವನ್ನು ಬರೆದುಕೊಳ್ಳಿ. ಒಂದೇ ಮೇಜಿನ ಮೇಲಿದ್ದರೂ ಅವು ಒಂದು ಹೆಕ್ಟೋಪ್ಯಾಸ್ಕಲ್‌ವರೆಗೆ ಬೇರೆ ಬೇರೆ ತೋರಿಸಬಹುದು. ಬಳಿಕ ಒಂದನ್ನು ಹುಬ್ಬಳ್ಳಿಯಲ್ಲಿ ದಾಖಲಿಸುತ್ತಲೇ ಇರುವಂತೆ ಬಿಟ್ಟು, ಇನ್ನೊಂದನ್ನು ಒಯ್ಯಿರಿ. ಚಿಗರಿ ಬಸ್ಸಿನಲ್ಲಿ ಹೋದರೆ ಉಣಕಲ್ಲಿನಿಂದ ನವನಗರ, ರಾಯಾಪುರ, ಸತ್ತೂರು ದಾಟಿ ಜ್ಯುಬಿಲಿ ಸರ್ಕಲ್‌ವರೆಗಿನ ದಾರಿಯ ಏರಿಳಿತವೆಲ್ಲ ಒಂದೇ ಗ್ರಾಫಿನಲ್ಲಿ ಸಿಗುತ್ತದೆ, ಜೊತೆಗೆ ಜಿಪಿಎಸ್ ಸಹ ಓಡುತ್ತಿದ್ದರೆ ಯಾವ ಏರು ಎಲ್ಲಿಯದೆಂದು ಗುರುತಿಸಬಹುದು. ಜಿಪಿಎಸ್ ಕೊಡುವ ಎತ್ತರವನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು ನಿಂತಲ್ಲಿಯೇ ಹತ್ತು–ಇಪ್ಪತ್ತು ಮೀಟರ್ ಅಲೆದಾಡುತ್ತದೆ. ಕೆಲವು ಆ್ಯಪ್‌ಗಳು ಸಮುದ್ರಮಟ್ಟದ ಬದಲು ಭೂಮಿಯ ಗಣಿತೀಯ ಆಕಾರದಿಂದ ಎತ್ತರವನ್ನು ಎಣಿಸುವುದರಿಂದ, ದಕ್ಷಿಣ ಭಾರತದಲ್ಲಿ ನಿಲ್ದಾಣದ ಫಲಕಕ್ಕಿಂತ ಹಲವು ಹತ್ತು ಮೀಟರ್ ಕಡಿಮೆ ತೋರಿಸುತ್ತವೆ.

ಬಸ್ಸಿನಲ್ಲಿರುವಾಗ ಬ್ರೇಕಿನ ರಭಸವನ್ನು ಅಳೆಯಬೇಕೆನಿಸಿದರೆ ಫೋನನ್ನು ಕೈಯಲ್ಲಿ ಹಿಡಿಯದೆ ಆಸನದ ಮೇಲೆ ಒತ್ತಿ ಇಡಿ. ಮೋಟರ್ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟುವ ಪ್ರಯೋಗ ಬೇಡ. ಎಂಜಿನ್ನಿನ ಕಂಪನವು ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆಯನ್ನು ಹಾಳುಮಾಡಬಹುದೆಂದು ಆ್ಯಪಲ್ ಕಂಪನಿಯೇ ಎಚ್ಚರಿಸಿದೆ.

ಶಬ್ದದ ವೇಗವನ್ನು ಅಳೆಯಲು ಇಬ್ಬರು, ಎರಡು ಫೋನು ಮತ್ತು ಒಂದು ಟೇಪು ಸಾಕು. ಬೆಳಗಿನ ಹೊತ್ತು ಗದ್ದಲವಿಲ್ಲದ ಮೈದಾನದಲ್ಲಿ ಫೋನುಗಳನ್ನು ಸರಿಯಾಗಿ 10 ಮೀಟರ್ ಅಂತರದಲ್ಲಿಟ್ಟು, ಎರಡರಲ್ಲಿಯೂ ಶಬ್ದದಿಂದ ಓಡುವ ಸ್ಟಾಪ್‌ವಾಚನ್ನು ತೆರೆಯಿರಿ. ಮೊದಲನೆಯವರು ತಮ್ಮ ಫೋನಿನ ಪಕ್ಕದಲ್ಲಿ ಎರಡು ಮರದ ತುಂಡುಗಳನ್ನು ಬಡಿದಾಗ ಎರಡೂ ಗಡಿಯಾರಗಳು ಆರಂಭವಾಗುತ್ತವೆ. ಕೆಲವು ಕ್ಷಣಗಳ ಬಳಿಕ ಎರಡನೆಯವರು ತಮ್ಮ ಕಡೆ ಬಡಿದಾಗ ಎರಡೂ ನಿಲ್ಲುತ್ತವೆ. ಎರಡು ಗಡಿಯಾರಗಳ ಸಮಯದ ವ್ಯತ್ಯಾಸವೆಂದರೆ ಶಬ್ದವು 20 ಮೀಟರ್ ಸಾಗಲು ತೆಗೆದುಕೊಂಡ ಸಮಯ. ತಾಪಮಾನ 25 ಡಿಗ್ರಿ ಇದ್ದರೆ ಇದು ಸುಮಾರು 0.058 ಸೆಕೆಂಡು, ಅಂದರೆ ವೇಗ ಸೆಕೆಂಡಿಗೆ 346 ಮೀಟರ್. ಯಾರು ಯಾವಾಗ ಬಡಿದರು ಎಂಬುದಾಗಲಿ, ಎರಡು ಗಡಿಯಾರಗಳು ಒಂದಕ್ಕೊಂದು ಹೊಂದಿಕೊಂಡಿವೆಯೇ ಎಂಬುದಾಗಲಿ ಲೆಕ್ಕಕ್ಕೆ ಬರುವುದೇ ಇಲ್ಲ. ಶಬ್ದವು ಎರಡೂ ದಿಕ್ಕಿನಲ್ಲಿ ಒಮ್ಮೊಮ್ಮೆ ಸಾಗುವುದರಿಂದ ಬೀಸುವ ಗಾಳಿಯ ಪ್ರಭಾವವೂ ಬಹುಪಾಲು ಹೊಡೆದುಹೋಗುತ್ತದೆ. ಆಷಾಢದ ಧಾರವಾಡದಲ್ಲಿ ಇದು ಸಣ್ಣ ಅನುಕೂಲವಲ್ಲ. ಭಜನೆಯ ತಾಳಗಳನ್ನು ಮಾತ್ರ ಬಳಸಬೇಡಿ, ಅವುಗಳ ನಾದ ಉಳಿದುಕೊಂಡು ಗಡಿಯಾರವನ್ನು ಬೇಗನೇ ನಿಲ್ಲಿಸಿಬಿಡುತ್ತದೆ. ಹತ್ತಾರು ಬಾರಿ ಮಾಡಿ ಸರಾಸರಿ ತೆಗೆದರೆ, ಡಿಸೆಂಬರಿನ ಮುಂಜಾನೆಗೂ ಏಪ್ರಿಲ್ಲಿನ ಮಧ್ಯಾಹ್ನಕ್ಕೂ ಇರುವ ಅಂತರ, ಅಂದರೆ 15 ಡಿಗ್ರಿಯಲ್ಲಿ 340 ಮತ್ತು 38 ಡಿಗ್ರಿಯಲ್ಲಿ 354, ನಿಮ್ಮ ಅಂಕಿಗಳಲ್ಲಿಯೂ ಕಾಣಿಸಿಕೊಳ್ಳಬೇಕು.

ಮ್ಯಾಗ್ನೆಟೋಮೀಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ನಿಮ್ಮ ಫೋನು 90 ತೋರಿಸಿದರೆ ಅದರ ಕವರಿನಲ್ಲಿ ಅಯಸ್ಕಾಂತವಿದೆಯೇ ಎಂದು ಮೊದಲು ನೋಡಿ.

ಕೊನೆಯದು ಧಾರವಾಡದಲ್ಲಿಯೇ ಮಾಡಬೇಕಾದ ಪ್ರಯೋಗ, ಏಕೆಂದರೆ ಇದಕ್ಕೆ ನಿಜವಾದ ತಂಬೂರಿ ಬೇಕು ಮತ್ತು ಇಲ್ಲಿ ಅದಿರುವ ಮನೆ ಹುಡುಕುವುದು ಕಷ್ಟವಲ್ಲ. ತಂತಿಯನ್ನು ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಾಂಕದ ಅನುಸ್ವರಗಳೂ ಏಳುತ್ತವೆ. ಸರಿಯಾಗಿ ನಡುಮಧ್ಯದಲ್ಲಿ ಮೀಟಿದ ಸಾಧಾರಣ ತಂತಿಯಲ್ಲಿ ಎರಡು, ನಾಲ್ಕು, ಆರನೆಯ ಅನುಸ್ವರಗಳು ಏಳಬಾರದು, ಏಕೆಂದರೆ ಆ ಕಂಪನಗಳಲ್ಲಿ ತಂತಿಯ ನಡುಬಿಂದು ಅಲುಗುವುದೇ ಇಲ್ಲ. ಆದರೆ ತಂಬೂರಿಯಲ್ಲಿ ಅವು ಬಲವಾಗಿ ಕೇಳಿಬರುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲಿಯೇ ತೋರಿಸಿದ್ದರು. ತಂತಿಗಳನ್ನು ಹೊರುವ ಬಾಗಿದ ಕುದುರೆಯ (ಬ್ರಿಡ್ಜ್) ಮೇಲೆ ದಾರ ಇಟ್ಟು ಜವಾರಿ, ಅಂದರೆ ಝೇಂಕರಿಸುವ ನಾದ, ಕೂಡಿಸಿದಾಗ, ತಂತಿಯು ಕುದುರೆಯ ಮೈಯನ್ನು ಸವರುತ್ತ ಕಂಪಿಸಿ ತನ್ನ ಶಕ್ತಿಯನ್ನು ಮೇಲಿನ ಅನುಸ್ವರಗಳಿಗೆ ಹಂಚುತ್ತದೆ. ನೂರು ವರ್ಷಗಳ ಹಿಂದೆ ಪ್ರಯೋಗಾಲಯವೇ ಬೇಕಾಗಿದ್ದ ಈ ಪರೀಕ್ಷೆಯನ್ನು ಈಗ ಫೋನಿನಲ್ಲಿ ಮಾಡಬಹುದು.

ಆಡಿಯೋ ಸ್ಪೆಕ್ಟ್ರಂ ತೆರೆದು, ಮಾದರಿಗಳ ಸಂಖ್ಯೆಯನ್ನು 16,384ಕ್ಕೆ ಏರಿಸಿ. ಆಗ ಸುಮಾರು 3 ಹರ್ಟ್ಸ್ ಅಂತರದ ಸ್ವರಗಳನ್ನೂ ಬೇರ್ಪಡಿಸಿ ನೋಡಬಹುದು. ಫೋನನ್ನು ತಂಬೂರಿಯ ಬುರುಡೆಗೆ ತಾಗಿಸದೆ ಒಂದು ಗೇಣು ದೂರದಲ್ಲಿ, ಬಟ್ಟೆಯ ಮಡಿಕೆಯ ಮೇಲೆ ಇಡಿ. ಫ್ಯಾನು ಆರಿಸಿ. ಕೆಳಷಡ್ಜದ ತಂತಿ ಬೇಡ: ಕಾಳಿ ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿದ ಗಂಡುದನಿಯ ತಂಬೂರಿಯಲ್ಲಿ ಅದು 69 ಹರ್ಟ್ಸ್‌ನಷ್ಟು ಕೆಳಗಿರುತ್ತದೆ, ಬಹಳಷ್ಟು ಫೋನುಗಳ ಮೈಕ್ರೋಫೋನುಗಳು ಅಷ್ಟು ಕೆಳಗಿನ ಸ್ವರವನ್ನು ಚೆನ್ನಾಗಿ ಹಿಡಿಯುವುದಿಲ್ಲ. ಅದರ ಎರಡು ಪಟ್ಟು, ಅಂದರೆ 139 ಹರ್ಟ್ಸ್‌ನ ಸುಮಾರಿಗಿರುವ ಜೋಡಿ ತಂತಿಗಳಲ್ಲಿ ಒಂದನ್ನು ಆಯ್ದುಕೊಂಡು, ಉಳಿದ ತಂತಿಗಳನ್ನು ಬಟ್ಟೆಯಿಂದ ಅದುಮಿಡಿ. ಕುದುರೆ ಮತ್ತು ಮೇರುವಿನ (ತಂತಿಯ ಮೇಲ್ತುದಿಯ ಆಧಾರಪಟ್ಟಿಯ) ನಡುವಿನ ಅಂತರವನ್ನು ಟೇಪಿನಿಂದ ಅಳೆದು ನಡುಬಿಂದುವಿಗೆ ಸೀಮೆಸುಣ್ಣದ ಗುರುತು ಮಾಡಿ, ಬೆರಳಿನ ತುದಿಯಿಂದ ಅಲ್ಲಿಯೇ ಮೀಟಬೇಕು. ಮೊದಲು ದಾರ ತೆಗೆದು, ಬಳಿಕ ದಾರ ಕೂಡಿಸಿ ದಾಖಲಿಸಿ. ವಾದ್ಯ ನಿಮ್ಮದಲ್ಲದಿದ್ದರೆ ದಾರವನ್ನು ಅದರ ಒಡೆಯರೇ ಸರಿಸಲಿ. ಜವಾರಿ ಕೂಡಿಸುವ ಕೈ ಎಲ್ಲರಿಗೂ ಇರುವುದಿಲ್ಲ.

ದಾರವಿಲ್ಲದಾಗ 278 ಹರ್ಟ್ಸ್‌ನ ಶಿಖರ ಕುಗ್ಗಿರುತ್ತದೆ, ಪೂರ್ತಿ ಮಾಯವಾಗುವುದಿಲ್ಲ, ಏಕೆಂದರೆ ಬೆರಳಿಗೂ ಅಗಲವಿದೆ. ದಾರವಿದ್ದಾಗ ಅದು ಮೀಟಿದ ನಂತರದ ಕ್ಷಣಗಳಲ್ಲಿ ಮೇಲೇಳುತ್ತದೆ. ಫೋನುಗಳು ಸದ್ದಿನ ಪ್ರಮಾಣವನ್ನು ತಾವೇ ಏರಿಸಿ ಇಳಿಸುವುದರಿಂದ ಒಂದು ದಾಖಲೆಯ ಎತ್ತರವನ್ನು ಇನ್ನೊಂದರ ಎತ್ತರದೊಂದಿಗೆ ನೇರವಾಗಿ ಹೋಲಿಸಬಾರದು; ಪ್ರತಿ ದಾಖಲೆಯ ಒಳಗೇ ಎರಡನೆಯ ಶಿಖರವನ್ನು ಮೂರನೆಯದರಿಂದ ಭಾಗಿಸಿ, ಆ ಅನುಪಾತಗಳನ್ನು ಹೋಲಿಸಬೇಕು. ಇದು ಸರಿಯಾಗಿ ಬಂದ ಮೇಲೆ ಸೀಮೆಸುಣ್ಣದ ಗುರುತನ್ನು ತಂತಿಯ ಮೂರನೇ ಒಂದು ಭಾಗಕ್ಕೆ ಸರಿಸಿ, ಅಲ್ಲಿ ಮೀಟಿ, 417 ಮತ್ತು 834 ಹರ್ಟ್ಸ್‌ಗಳ ಹತ್ತಿರ ಏನಾಗುತ್ತದೆಂದು ದಾರವಿಲ್ಲದೆ ಒಮ್ಮೆ, ದಾರವಿಟ್ಟು ಒಮ್ಮೆ ನೋಡಿ.